ಗೋಡೆಯಿಂದ ಒಂದು ಗೇಣು: ಮನೆ ಸ್ಟುಡಿಯೋಗೆ ದಪ್ಪ ಪರದೆ ಕಟ್ಟುವ ಬಗೆ

ಮೇಲೆ ಆರ್‌ಸಿಸಿ ಸೀಲಿಂಗ್, ಕೆಳಗೆ ವಿಟ್ರಿಫೈಡ್ ಟೈಲ್ಸ್, ಸುತ್ತ ಪುಟ್ಟಿ ಹಚ್ಚಿ ನುಣುಪು ಮಾಡಿದ ಗೋಡೆ. ಈಗಿನ ನಮ್ಮ ಕೋಣೆಗಳೆಲ್ಲ ಹೆಚ್ಚುಕಡಿಮೆ ಹೀಗೇ ಇವೆ. ನೋಡಲು ಚೆಂದ, ರೆಕಾರ್ಡಿಂಗಿಗೆ ಮಾತ್ರ ಕಷ್ಟ. ಸದ್ದು ಎಲ್ಲಿ ಬಿದ್ದರೂ ಹಾಗೇ ವಾಪಸ್ ಬರುತ್ತದೆ. ಪಾಡ್‌ಕಾಸ್ಟ್ ಇರಲಿ, ಆಡಿಯೋ ಪುಸ್ತಕ ಇರಲಿ, ಭಾವಗೀತೆ ಇರಲಿ, ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಕೇಳಿಸುವುದು ಇದರಿಂದಲೇ. ಇನ್ನೂ ದುಬಾರಿ ಮೈಕ್ ತಂದರೆ ಡಬ್ಬ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೇ.

ದಪ್ಪ ಪರದೆ ಇದಕ್ಕೆ ಒಳ್ಳೆಯ ಮದ್ದು. ಬಾಡಿಗೆ ಮನೆಗೂ ಒಗ್ಗುತ್ತದೆ, ಮನೆ ಬದಲಿಸಿದರೆ ಮಡಚಿ ಒಯ್ಯಬಹುದು. ಆದರೆ ಹೆಚ್ಚಿನವರು ಬಟ್ಟೆ ಎಷ್ಟು ದಪ್ಪ, ಎಷ್ಟು ದುಡ್ಡು ಅಂತ ತಲೆ ಕೆಡಿಸಿಕೊಂಡು, ಕೊನೆಗೆ ಅದನ್ನು ಗೋಡೆಗೆ ಅಂಟಿಸಿದಂತೆ ಬಿಗಿಯಾಗಿ ಕಟ್ಟಿಬಿಡುತ್ತಾರೆ. ಅರ್ಧ ದುಡ್ಡು ಅಲ್ಲೇ ನೀರಲ್ಲಿ ಹೋಮ. ಬಟ್ಟೆಯ ತೂಕಕ್ಕಿಂತ ಅದಕ್ಕೆ ಬಿಡುವ ನೆರಿಗೆ, ಗೋಡೆಗೂ ಅದಕ್ಕೂ ನಡುವೆ ಬಿಡುವ ಜಾಗ, ಅದನ್ನು ಯಾವ ಕಡೆ ಹಾಕುತ್ತೀರಿ ಅನ್ನುವುದು ಜಾಸ್ತಿ ಮುಖ್ಯ.

ಹೊರಗಿನ ಸದ್ದಿಗೆ ಪರದೆ ಅಡ್ಡ ಬರುವುದಿಲ್ಲ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪಕ್ಕದ ಮನೆಯ ಕುಕ್ಕರ್ ವಿಷಲ್, ಕೆಳಗಿನ ಬೋರ್‌ವೆಲ್ ಮೋಟರ್, ರಸ್ತೆಯ ಹಾರ್ನ್, ಇವನ್ನು ಯಾವ ಪರದೆಯೂ ನಿಲ್ಲಿಸುವುದಿಲ್ಲ. ಸದ್ದನ್ನು ತಡೆಯಲು ಬೇಕಾದದ್ದು ತೂಕ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಚದರ ಮೀಟರಿಗೆ 400 ಕೆಜಿಗಿಂತ ಜಾಸ್ತಿ ತೂಗುತ್ತದೆ. ಒಳ್ಳೆಯ ದಪ್ಪ ವೆಲ್ವೆಟ್ ತೂಗುವುದು ಅರ್ಧ ಕೆಜಿ ಚಿಲ್ಲರೆ. ಆನ್‌ಲೈನ್‌ನಲ್ಲಿ 'ಸೌಂಡ್‌ಪ್ರೂಫ್ ಕರ್ಟನ್' ಅಂತ ಬರೆದಿರುವುದನ್ನು ಕಂಡರೆ ಸುಮ್ನೆ ಮುಂದೆ ಹೋಗಿ.

ಹೊರಗಿನ ಗಲಾಟೆಯೇ ನಿಮ್ಮ ತೊಂದರೆಯಾಗಿದ್ದರೆ ಕಿಟಕಿ, ಬಾಗಿಲಿನ ಸಂದಿಗಳಿಗೆ ರಬ್ಬರ್ ಪಟ್ಟಿ ಹಾಕಿಸಿ, ರಾತ್ರಿ ರೆಕಾರ್ಡ್ ಮಾಡಿ. ಪರದೆಯ ಕೆಲಸ ಬೇರೆ. ಕೋಣೆಯೊಳಗೇ ಹುಟ್ಟಿದ ಸದ್ದು ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಉಳಿಯದಂತೆ ಅದು ನೋಡಿಕೊಳ್ಳುತ್ತದೆ.

ಹಂತ 1: ಕೋಣೆಯನ್ನು ಕೇಳಿಸಿಕೊಳ್ಳಿ

ಫ್ಯಾನ್ ಆಫ್ ಮಾಡಿ, ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ 'ಟರ್ರ್ರ್' ಅಂತ ಚಿಕ್ಕ ಕಂಪನದಂಥ ಸದ್ದು ಬಂದರೆ, ಎದುರುಬದುರು ಗೋಡೆಗಳ ನಡುವೆ ಸದ್ದು ಚೆಂಡಾಟ ಆಡುತ್ತಿದೆ ಎಂದರ್ಥ. ಎರಡು ಹೆಜ್ಜೆ ಸರಿದು ಮತ್ತೆ ತಟ್ಟಿ. ಎಲ್ಲಿ ಕಡಿಮೆ, ಎಲ್ಲಿ ಜಾಸ್ತಿ ಅನ್ನುವುದು ಕಿವಿಗೇ ಗೊತ್ತಾಗುತ್ತದೆ.

ಆಮೇಲೆ ಮೊಬೈಲಿನಲ್ಲೇ ಒಂದೇ ಪ್ಯಾರಾವನ್ನು ಮೂರು ನಾಲ್ಕು ಜಾಗದಲ್ಲಿ ಕೂತು ಓದಿ ರೆಕಾರ್ಡ್ ಮಾಡಿ. ಸ, ಶ, ಚ ಜಾಸ್ತಿ ಇರುವ ಸಾಲುಗಳಿರಲಿ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಈ ಫೈಲುಗಳನ್ನು ಅಳಿಸಬೇಡಿ, ಪರದೆ ಹಾಕಿದ ಮೇಲೆ ಹೋಲಿಸಿ ನೋಡಲು ಬೇಕು.

ಕೂರುವ ಜಾಗ ಆರಿಸುವಾಗ ಎರಡನ್ನು ಬಿಡಿ: ಕೋಣೆಯ ಸರಿಯಾದ ಮಧ್ಯ, ಮತ್ತು ಬರಿಗೋಡೆಯ ಮೂಲೆ. ಮೂಲೆಯಲ್ಲಿ ಬೇಸ್, ಅಂದರೆ ತಗ್ಗಿನ ಗಡಸು ಸದ್ದು, ಗುಂಯ್ ಅಂತ ಉಬ್ಬುತ್ತದೆ. ಕೋಣೆಯ ಉದ್ದದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಒಳಗೆ ಬಂದು ಕೂತರೆ ಸಾಮಾನ್ಯವಾಗಿ ಚೆನ್ನ. ಮೈಕ್ ಬಾಯಿಂದ ಆರೇಳು ಇಂಚು ದೂರ ಸಾಕು. ಹತ್ತಿರ ಹೋದಷ್ಟೂ ನಿಮ್ಮ ದನಿ ಜಾಸ್ತಿ, ಕೋಣೆಯ ದನಿ ಕಡಿಮೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಹಂತ 2: ಬಟ್ಟೆ ಆರಿಸುವುದು

ಬಟ್ಟೆ ಸದ್ದನ್ನು ಹೀರುವುದು ಹೇಗೆ? ಸದ್ದು ಅಂದರೆ ಗಾಳಿಯ ಓಡಾಟ. ಆ ಗಾಳಿ ಎಳೆಗಳ ಸಂದಿಯಲ್ಲಿ ನುಗ್ಗಿ ಬರುವಾಗ ತಿಕ್ಕಾಟವಾಗುತ್ತದೆ, ಸದ್ದಿನ ಶಕ್ತಿ ಅಲ್ಲೇ ಚೂರು ಬಿಸಿಯಾಗಿ ಕರಗುತ್ತದೆ. ಹಾಗಾಗಿ ಬಟ್ಟೆಯೊಳಗೆ ಗಾಳಿ ಹೋಗಬೇಕು, ಆದರೆ ಸುಲಭವಾಗಿ ಹೋಗಬಾರದು.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ. ಗಾಳಿ ಆರಾಮಾಗಿ ಆಚೆ ಹೋದರೆ ಅದು ತೆಳು, ಕೆಲಸಕ್ಕೆ ಬಾರದು. ಚೂರೂ ಹೋಗದಿದ್ದರೆ ಹಿಂದೆ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಲೇಪ ಇದೆ. ಬಿಸಿಲು ತಡೆಯುವ ಬ್ಲ್ಯಾಕ್‌ಔಟ್ ಪರದೆಗಳಲ್ಲಿ ಎಷ್ಟೋ ಹೀಗಿರುತ್ತವೆ, ರೆಕ್ಸಿನ್ ಅಂತೂ ಪೂರ್ತಿ ಹೀಗೇ. ಕಷ್ಟಪಟ್ಟು ಊದಿದರೆ ಗಾಳಿ ಹೋಗುತ್ತದೆ ಅನ್ನಿಸಿದರೆ, ಅದೇ ಸರಿಯಾದ ಬಟ್ಟೆ. ಅಂಗಡಿಯವರು ವಿಚಿತ್ರವಾಗಿ ನೋಡಬಹುದು, ನೋಡಲಿ ಬಿಡಿ.

ತೂಕವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅಂತ. 450ರಿಂದ 600 ಜಿಎಸ್‌ಎಂ ಒಳ್ಳೆಯದು. ಅಂಗಡಿಯವರಿಗೆ ಜಿಎಸ್‌ಎಂ ಗೊತ್ತಿಲ್ಲದಿದ್ದರೆ ತೂಗಿಸಿ. 48 ಇಂಚು ಅಗಲದ ಬಟ್ಟೆ ಒಂದು ಮೀಟರಿಗೆ 550ರಿಂದ 730 ಗ್ರಾಂ ತೂಗಿದರೆ ಅದು ಈ ಲೆಕ್ಕದೊಳಗೆ ಬಂತು.

ಇನ್ನೂ ಭಾರದ್ದು ಬೇಕಾ? ಧ್ವನಿವಿಜ್ಞಾನದ ಪುಸ್ತಕಗಳಲ್ಲಿ ಪದೇ ಪದೇ ಕಾಣುವ ಒಂದು ಪಟ್ಟಿ ಇದೆ. ಅದರ ಪ್ರಕಾರ 340 ಜಿಎಸ್‌ಎಂನ ಹಗುರ ಬಟ್ಟೆಯನ್ನು ನೆರಿಗೆ ಇಲ್ಲದೆ ಚಪ್ಪಟೆಯಾಗಿ ಗೋಡೆಗೆ ಹಾಕಿದರೆ 1000 ಹರ್ಟ್ಜ್‌ನ ಸದ್ದಿನಲ್ಲಿ ಅದು ಹೀರುವುದು ಶೇ 17 ಮಾತ್ರ. (ಹರ್ಟ್ಜ್ ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಅಳತೆ, ಅಂಕಿ ಇಳಿದಷ್ಟೂ ಸದ್ದು ತಗ್ಗು.) 475 ಜಿಎಸ್‌ಎಂನ ವೆಲೂರ್ (ವೆಲ್ವೆಟ್‌ನಂಥದ್ದೇ) ಬಟ್ಟೆಯನ್ನು ಅರ್ಧ ಅಗಲಕ್ಕೆ ಬರುವಂತೆ ನೆರಿಗೆ ಹಿಡಿದು ಹಾಕಿದರೆ ಶೇ 75. ಅದೇ ನೆರಿಗೆಯಲ್ಲಿ 610 ಜಿಎಸ್‌ಎಂ ಹಾಕಿದರೆ ಶೇ 72. ಅಂದರೆ ಮಧ್ಯಮ ತೂಕ ದಾಟಿದ ಮೇಲೆ, ಮಾತಿನ ಸ್ಪಷ್ಟತೆಗೆ ಬೇಕಾದ ಜಾಗದಲ್ಲಿ ಏನೂ ಲಾಭವಿಲ್ಲ. ಕೆಳಗಿನ 125 ಹರ್ಟ್ಜ್‌ನಲ್ಲಿ ಮಾತ್ರ ಶೇ 7 ಇದ್ದದ್ದು 14 ಆಗುತ್ತದೆ. ಅದೂ ಅಷ್ಟಕ್ಕಷ್ಟೇ.

ವೆಲ್ವೆಟ್ಟೇ ಆಗಬೇಕೆಂದಿಲ್ಲ. ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದ್ದರೆ ಅದನ್ನು ತೆಗೆಯಿರಿ. ಹಳೆ ಸೀರೆಗಳ ಪದರಗಳು, ನಡುವೆ ಒತ್ತಾದ ಕೈಹೊಲಿಗೆ, ಗಾಳಿಯೂ ಆಡುತ್ತದೆ. ಅಂಗಡಿಯ ಎಷ್ಟೋ 'ಅಕೌಸ್ಟಿಕ್' ಸಾಮಾನಿಗಿಂತ ಅದು ವಾಸಿ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿಯೂ ಬಹಳ ಒಳ್ಳೆಯದು. ಎರಡು ಪದರ ಮಾಡಿ, ಪದರಗಳ ನಡುವೆ ಒಂದೆರಡು ಇಂಚು ಬಿಟ್ಟು ನೇತು ಹಾಕಿ. ಹೊಸ ಕಂಬಳಿ ಹುಣಸೆಬೀಜದ ಗಂಜಿಯಿಂದ ಬಿರುಸಾಗಿರುತ್ತದೆ. ಒಮ್ಮೆ ತೊಳೆದು ನೆರಳಲ್ಲಿ ಒಣಗಿಸಿದರೆ ಎಳೆ ಬಿಚ್ಚಿಕೊಂಡು ಮೆತ್ತಗಾಗುತ್ತದೆ, ಗಾಳಿಯೂ ಆಡುತ್ತದೆ. ಮಳೆಗಾಲದಲ್ಲಿ ಕುರಿ ವಾಸನೆ ಬರುತ್ತದೆ, ಅದಕ್ಕೆ ಒಗ್ಗಿಕೊಳ್ಳಬೇಕು. ನವಲಗುಂದದ್ದೋ ಇನ್ನೆಲ್ಲಿಯದೋ ಜಮಖಾನ ಇದ್ದರೆ ಗೋಡೆಗೆ ಬೇಡ, ನೆಲಕ್ಕೆ ಹಾಸಿ. ಟೈಲ್ಸ್ ಮುಚ್ಚುವುದೂ ಅಷ್ಟೇ ಮುಖ್ಯ. ಶಾಮಿಯಾನದವರ ಹಳೆ ಬಟ್ಟೆ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ, ಹೆಚ್ಚಿನದು ತೆಳು, ನುಣುಪು.

ಹಂತ 3: ನೆರಿಗೆ ಮತ್ತು ಒಂದು ಗೇಣು

ಪರದೆಯ ಅಗಲ ಮುಚ್ಚಬೇಕಾದ ಅಗಲಕ್ಕಿಂತ ಎರಡು ಪಟ್ಟು ಇರಬೇಕು. ಐದು ಅಡಿ ಗೋಡೆಗೆ ಹತ್ತು ಅಡಿ ಬಟ್ಟೆ. ನೆರಿಗೆ ಬಿದ್ದಾಗ ಬಟ್ಟೆಯ ಆಳ ಹೆಚ್ಚುತ್ತದೆ, ಸದ್ದಿಗೆ ಸಿಗುವ ಮೈಯೂ ಹೆಚ್ಚುತ್ತದೆ. ದರ್ಜಿಗೆ ಇದನ್ನು ಬಿಡಿಸಿ ಹೇಳಿ. ಇಲ್ಲವಾದರೆ ಬಟ್ಟೆ ಉಳಿಸಿಕೊಡುವ ಒಳ್ಳೆಯ ಮನಸ್ಸಿನಿಂದ ಒಂದೂವರೆ ಪಟ್ಟಿಗೆ ಮುಗಿಸಿಬಿಡುತ್ತಾರೆ.

ಈಗ ಗೋಡೆಯಿಂದ ದೂರದ ಮಾತು. ಗೋಡೆಗೆ ತಾಗಿಕೊಂಡ ಗಾಳಿ ಹಿಂದೆ ಮುಂದೆ ಆಡಲಾರದು, ಗೋಡೆ ಅಡ್ಡ ಇದೆಯಲ್ಲ. ಅಲ್ಲಿ ಬಟ್ಟೆ ಹಾಕಿದರೆ ತಿಕ್ಕಾಟಕ್ಕೆ ಓಡಾಟವೇ ಇಲ್ಲ. ಗಾಳಿ ಅತಿ ಹೆಚ್ಚು ಆಡುವುದು ಗೋಡೆಯಿಂದ ತರಂಗದ ಉದ್ದದ ಕಾಲು ಭಾಗ ದೂರದಲ್ಲಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹಾಗಾಗಿ 1000 ಹರ್ಟ್ಜ್‌ನ ತರಂಗ ಸುಮಾರು 34 ಸೆಂ.ಮೀ. ಉದ್ದ, ಅದರ ಕಾಲು ಭಾಗ ಎಂಟೂವರೆ ಸೆಂ.ಮೀ. 500 ಹರ್ಟ್ಜ್‌ಗೆ 17 ಸೆಂ.ಮೀ., 250ಕ್ಕೆ 34 ಸೆಂ.ಮೀ. ಬೇಕು. 100 ಹರ್ಟ್ಜ್‌ಗೆ 86 ಸೆಂ.ಮೀ., ಹೆಚ್ಚುಕಡಿಮೆ ಮೂರು ಅಡಿ! ಅಷ್ಟು ಜಾಗ ಯಾರ ಮನೆಯಲ್ಲಿದೆ?

ಅದಕ್ಕೇ ನಾನು ಹೇಳುವುದು ಒಂದು ಗೇಣು. ಕೈ ಅಗಲಿಸಿದರೆ ಹೆಬ್ಬೆರಳಿಂದ ಕಿರುಬೆರಳಿಗೆ ಎಂಟೊಂಬತ್ತು ಇಂಚು. ಅಷ್ಟು ಬಿಟ್ಟರೆ ಸುಮಾರು 400 ಹರ್ಟ್ಜ್‌ನಿಂದ ಮೇಲಕ್ಕೆ ಪರದೆ ಚೆನ್ನಾಗಿ ದುಡಿಯುತ್ತದೆ. ಮಾತಿನ ಸ್ಪಷ್ಟತೆ ಇರುವುದು ಹೆಚ್ಚಾಗಿ ಅಲ್ಲೇ. ಅಷ್ಟು ಆಗದಿದ್ದರೆ ನಾಲ್ಕು ಇಂಚಾದರೂ ಬಿಡಿ. ನೆರಿಗೆ ಇದ್ದರೆ ಇನ್ನೊಂದು ಅನುಕೂಲ. ಬಟ್ಟೆಯ ಒಂದೊಂದು ಭಾಗ ಗೋಡೆಯಿಂದ ಒಂದೊಂದು ದೂರದಲ್ಲಿ ಇರುವುದರಿಂದ ಬೇರೆ ಬೇರೆ ಸ್ವರಗಳಿಗೆ ಸಮನಾಗಿ ಕೆಲಸವಾಗುತ್ತದೆ.

ಹಂತ 4: ಮೊದಲ ಪರದೆ ನಿಮ್ಮ ಬೆನ್ನಿಗೆ

ಎಲ್ಲರೂ ಮೊದಲು ಮೈಕ್‌ನ ಹಿಂದಿನ ಗೋಡೆ ಮುಚ್ಚುತ್ತಾರೆ. ನೀವು ಮುಖ ಮಾಡಿ ಮಾತಾಡುವುದು ಆ ಕಡೆಗೆ ತಾನೇ, ಹಾಗಾಗಿ ಅದು ಸರಿ ಅನ್ನಿಸುತ್ತದೆ. ಆದರೆ ಮನೆ ಸ್ಟುಡಿಯೋಗಳಲ್ಲಿ ಬಳಸುವ ಮೈಕ್‌ಗಳು ಹೆಚ್ಚಿನವು ಕಾರ್ಡಿಯಾಯ್ಡ್. ಅವು ಮುಂದಿನಿಂದ ಬಂದದ್ದನ್ನು ಚೆನ್ನಾಗಿ ಕೇಳುತ್ತವೆ, ಹಿಂದಿನಿಂದ ಬಂದದ್ದನ್ನು ಬಹಳ ಕಡಿಮೆ. ಮೈಕ್ ಮುಖ ಮಾಡಿರುವುದು ನಿಮ್ಮ ಕಡೆಗೆ. ಅಂದರೆ ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ವಾಪಸ್ ಬಂದ ಸದ್ದು ನೇರ ಅದರ ಬಾಯಿಗೆ ಬೀಳುತ್ತದೆ. ಹಾಗಾಗಿ ಒಂದೇ ಪರದೆಗೆ ದುಡ್ಡಿದ್ದರೆ ಅದು ನಿಮ್ಮ ಬೆನ್ನಿಗಿರಲಿ. ಎರಡನೆಯದು ಎಡ, ಬಲಕ್ಕೆ. ಮೈಕ್‌ನ ಹಿಂದೆ ಕೊನೆಗೆ.

ಚೆನ್ನಾಗಿ ಕೆಲಸ ಮಾಡುವ ಆಕಾರ ಅಂದರೆ ಯು. ಬೆನ್ನಿಗೆ ನಾಲ್ಕು ಅಡಿ, ಎರಡೂ ಪಕ್ಕಕ್ಕೆ ಮೂರು ಮೂರು ಅಡಿ, ಎತ್ತರ ಏಳು ಅಡಿ. ಒಟ್ಟು ಹತ್ತು ಅಡಿ ಅಗಲ ಮುಚ್ಚಲು ಇಪ್ಪತ್ತು ಅಡಿ ಬಟ್ಟೆ. 48 ಇಂಚಿನ ಬಟ್ಟೆಯಾದರೆ ಐದು ತುಂಡು. ಒಂದೊಂದು ಎಂಟು ಅಡಿ ಉದ್ದ, ಮೇಲೆ ಕೆಳಗೆ ಮಡಿಕೆಗೆ ಸೇರಿಸಿ. ಒಟ್ಟು ನಲವತ್ತು ಅಡಿ, ಹನ್ನೆರಡೂವರೆ ಮೀಟರ್ ತಂದರೆ ಸಾಕು. ಬೆಂಗಳೂರಿನವರು ಚಿಕ್ಕಪೇಟೆಗೆ ಹೋದರೆ ಒಂದೇ ತಾನಿನಿಂದ ಕತ್ತರಿಸಿಸಿಕೊಳ್ಳಬಹುದು.

ಬಟ್ಟೆಗಳು ನಿಮ್ಮ ತಲೆಯಿಂದ ಒಂದೂವರೆ, ಎರಡು ಅಡಿ ದೂರ ಇರಲಿ. ಸುತ್ತಲೂ ಒತ್ತಿ ಮುಚ್ಚಿ ಒಳಗೆ ಕೂತರೆ ಸೆಕೆ ಒಂದು ಕಡೆ, ದನಿಯೂ ಉಸಿರುಗಟ್ಟಿದಂತೆ ಬರುತ್ತದೆ. ತಲೆಯ ಮೇಲಿನ ಸೀಲಿಂಗ್ ಮರೆಯಬೇಡಿ. ಯು ಮೇಲೆ ಒಂದು ಕೌದಿಯನ್ನು ಚಪ್ಪರದಂತೆ ಹರಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಎಷ್ಟು ಬಟ್ಟೆ ಸಾಕು? ಒಂದು ಲೆಕ್ಕ

ಲೆಕ್ಕ ಬೇಡದವರು ಮುಂದಿನ ಹಂತಕ್ಕೆ ಹೋಗಿ.

ಹಾರ್ವರ್ಡ್‌ನ ವಾಲೇಸ್ ಸಬೈನ್ 1895ರಿಂದ ಶುರು ಮಾಡಿ, ಒಂದು ಉಪನ್ಯಾಸ ಕೋಣೆಯೊಳಗೆ ನಾಟಕಶಾಲೆಯ ಸೀಟಿನ ಮೆತ್ತೆಗಳನ್ನು ತಂದು ತಂದು ಹಾಕಿ, ಸದ್ದು ಎಷ್ಟು ಹೊತ್ತಿಗೆ ಅಡಗುತ್ತದೆ ಅಂತ ಅಳೆದರು. ಅವರ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ಹಿಡಿದು 0.161ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ (ಒಂದೊಂದು ಮೈಯ ಚದರ ಮೀಟರನ್ನು ಅದು ಹೀರುವ ಪಾಲಿನಿಂದ ಗುಣಿಸಿ, ಎಲ್ಲ ಕೂಡಿದ್ದು) ಭಾಗಿಸಬೇಕು. ಬರುವುದು ಮಾರ್ದನಿ ಅಡಗುವ ಸಮಯ, ಸೆಕೆಂಡಿನಲ್ಲಿ.

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಖಾಲಿ ಕೋಣೆ ತೆಗೆದುಕೊಳ್ಳಿ. ಗಾತ್ರ 34 ಘನ ಮೀಟರ್, ಒಳಮೈ ಒಟ್ಟು 63 ಚದರ ಮೀಟರ್. ಗಾರೆ, ಟೈಲ್ಸ್ ಶೇ 3ರಷ್ಟು ಹೀರುತ್ತವೆ ಅಂತ ಹಿಡಿದರೆ ಸಮಯ ಸುಮಾರು 2.9 ಸೆಕೆಂಡ್. ದೇವಸ್ಥಾನದ ಮಂಟಪಕ್ಕೆ ಸರಿ, ಮಾತಿಗಲ್ಲ. ಇದರಲ್ಲಿ 12 ಚದರ ಮೀಟರ್ ಗೋಡೆಗೆ ದಪ್ಪ ಪರದೆ ಹಾಕಿದರೆ 1000 ಹರ್ಟ್ಜ್‌ನಲ್ಲಿ ಸಮಯ ಅರ್ಧ ಸೆಕೆಂಡಿನ ಹತ್ತಿರಕ್ಕೆ ಇಳಿಯುತ್ತದೆ. ಅದರ ಎರಡು ಪಟ್ಟು ಹಾಕಿದರೆ 0.3 ಸೆಕೆಂಡ್, ಮಾತಿಗೆ ಹೇಳಿ ಮಾಡಿಸಿದಂತೆ. ಮಂಚ, ಹಾಸಿಗೆ, ಪುಸ್ತಕದ ಕಪಾಟು, ನೀವು ಎಲ್ಲ ಸೇರಿ ಒಂದಷ್ಟು ಹೀರುವುದರಿಂದ ಅಷ್ಟೆಲ್ಲ ಬಟ್ಟೆ ಬೇಕಾಗುವುದಿಲ್ಲ. ಆದರೆ ಅದೇ 12 ಚದರ ಮೀಟರ್ ಪರದೆಗೆ 125 ಹರ್ಟ್ಜ್‌ನ ಲೆಕ್ಕ ಹಾಕಿದರೆ 1.7 ಸೆಕೆಂಡ್ ಬರುತ್ತದೆ. ಮೇಲಿನ ಸದ್ದು ಅಡಗಿತು, ಬೇಸ್ ಹಾಗೇ ಉಳಿಯಿತು. ಇದಕ್ಕೆ ಆಮೇಲೆ ಬರುತ್ತೇನೆ.

ಹಂತ 5: ಕಟ್ಟುವುದು

ತೂಕ ಮೊದಲು ನೋಡಿ. ಮೇಲೆ ಹೇಳಿದ ಯು ಆಕಾರದ ಪರದೆ 600 ಜಿಎಸ್‌ಎಂನಲ್ಲಿ ಎಂಟು ಕೆಜಿ ಹತ್ತಿರ ಬರುತ್ತದೆ. ಹನ್ನೆರಡು ಅಡಿಯ ಇಡೀ ಗೋಡೆಗೆ ಒಂಬತ್ತು ಅಡಿ ಎತ್ತರ ಹಾಕಿದರೆ ಹನ್ನೆರಡು ಕೆಜಿ. ಕಿಟಕಿಗೆ ಹಾಕುವ ತೆಳು ರಾಡ್ ಬಾಗಿಬಿಡುತ್ತದೆ. ಒಂದು ಇಂಚಿನ ಸ್ಟೀಲ್ ಪೈಪ್ ಅಥವಾ ಸೀಲಿಂಗಿಗೆ ಕೂರಿಸುವ ಅಲ್ಯೂಮಿನಿಯಂ ಟ್ರ್ಯಾಕ್ ತನ್ನಿ. ಮೂರು ನಾಲ್ಕು ಅಡಿಗೆ ಒಂದು ಆಧಾರ ಇರಲಿ.

ಸಾಮಾನ್ಯ ಬ್ರ್ಯಾಕೆಟ್ ಗೋಡೆಯಿಂದ ಮೂರು ನಾಲ್ಕು ಇಂಚಷ್ಟೇ ಮುಂದೆ ಬರುತ್ತದೆ. ಗೇಣು ಜಾಗ ಬೇಕಾದರೆ ಶೆಲ್ಫಿಗೆ ಹಾಕುವ ಎಲ್ ಆಕಾರದ ಕಬ್ಬಿಣದ ಬ್ರ್ಯಾಕೆಟ್ ಹಾಕಿ, ಅದರ ತುದಿಯಲ್ಲಿ ಪೈಪ್ ಕೂರಿಸಿ. ಟ್ರ್ಯಾಕ್ ಆದರೆ ಈ ತಾಪತ್ರಯ ಇಲ್ಲ, ಎಷ್ಟು ದೂರ ಬೇಕೋ ಅಷ್ಟು ದೂರಕ್ಕೆ ಸೀಲಿಂಗಿನಲ್ಲಿ ಗುರುತು ಮಾಡಿ. ಆರ್‌ಸಿಸಿಗೆ ಹ್ಯಾಮರ್ ಡ್ರಿಲ್ ಬೇಕು. ಜಿಪ್ಸಂ ಫಾಲ್ಸ್ ಸೀಲಿಂಗಿಗೆ ಮಾತ್ರ ಇಷ್ಟು ಭಾರ ಕಟ್ಟಲೇಬೇಡಿ. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ, ಫ್ಯಾನ್ ಮತ್ತು ಲೈಟಿನ ಸುತ್ತಮುತ್ತ ತೂತು ಕೊರೆಯಬೇಡಿ, ಒಳಗೆ ವೈರಿನ ಪೈಪ್ ಹಾದುಹೋಗಿರುತ್ತದೆ.

ಓನರ್ ಮೊಳೆ ಹೊಡೆಯಲೂ ಬಿಡದ ಮನೆಯಾದರೆ ಫೋಟೋ ತೆಗೆಯುವವರು ಬಳಸುವ ಬ್ಯಾಕ್‌ಡ್ರಾಪ್ ಸ್ಟ್ಯಾಂಡ್ ತನ್ನಿ. ಕಾಲುಗಳ ಮೇಲೆ ಮರಳಿನ ಚೀಲ ಇಡಿ, ಇಲ್ಲದಿದ್ದರೆ ಪರದೆ ಎಳೆದಾಗ ಮುಗ್ಗರಿಸುತ್ತದೆ. ಬಟ್ಟೆ ಒಣಹಾಕುವ ಎತ್ತರದ ಸ್ಟ್ಯಾಂಡ್ ಮೇಲೆ ಎರಡು ಕಂಬಳಿ ಹೊದಿಸಿ ಬೆನ್ನ ಹಿಂದೆ ನಿಲ್ಲಿಸಿದರೂ ಶುರುವಿಗೆ ಸಾಕು. ಹೀಗೆ ಗೋಡೆ ಬಿಟ್ಟು ನಡುವೆ ನಿಂತ ಬಟ್ಟೆಗೆ ಎರಡೂ ಮುಖಗಳಿಂದ ಸದ್ದು ಸಿಗುವುದರಿಂದ ಅದು ಇನ್ನೂ ಚೆನ್ನಾಗಿ ಹೀರುತ್ತದೆ.

ಹಂತ 6: ಮತ್ತೆ ಕೇಳಿ, ಸಾಕು ಅನ್ನಿಸಿದಲ್ಲಿ ನಿಲ್ಲಿಸಿ

ಹಳೆ ಜಾಗ, ಹಳೆ ಪ್ಯಾರಾ, ಅದೇ ಮೊಬೈಲ್. ಎರಡೂ ಫೈಲ್ ಒಂದರ ಹಿಂದೆ ಒಂದು ಕೇಳಿ. 'ಟರ್ರ್ರ್' ಹೋಗಿರಬೇಕು, ಮಾತು ಮುಗಿದ ತಕ್ಷಣ ಮೌನ ಬರಬೇಕು. ಆದರೆ ದನಿ ಮಂಕಾಗಿದ್ದರೆ, ಗಂಟಲಿನ ಭಾಗ ಮಾತ್ರ ಊದಿಕೊಂಡಂತಿದ್ದರೆ, ಪರದೆ ಜಾಸ್ತಿಯಾಗಿದೆ. ಗಂಡಸರ ದನಿಯ ತಳ ಇರುವುದು 100–150 ಹರ್ಟ್ಜ್ ಆಸುಪಾಸು. ಬಟ್ಟೆ ಅದನ್ನು ಮುಟ್ಟುವುದೇ ಇಲ್ಲ, ಮೇಲಿನದ್ದನ್ನೆಲ್ಲ ತಿಂದುಬಿಡುತ್ತದೆ. ಇನ್ನೊಂದು ಪರದೆ ಹಾಕಿದರೆ ಇನ್ನೂ ಕೆಡುತ್ತದೆ.

ಹಳೆಯ ರೇಡಿಯೋದವರಿಗೂ ಇದು ಪಾಠವಾಗಿತ್ತು. 1923ರಲ್ಲಿ ಬಿಬಿಸಿ ಲಂಡನ್ನಿನ ಸೆವಾಯ್ ಹಿಲ್‌ಗೆ ಬಂದಾಗ ಸ್ಟುಡಿಯೋ ತುಂಬ ಪದರ ಪದರ ಬಟ್ಟೆ ಇಳಿಬಿಟ್ಟಿದ್ದರು. ಸಂಗೀತ ಅಲ್ಲಿ ಜೀವವಿಲ್ಲದಂತೆ ಕೇಳಿಸುತ್ತಿತ್ತು. ಬರುಬರುತ್ತಾ ಬಟ್ಟೆ ಕಡಿಮೆ ಮಾಡಿದರು.

ಬೇಸ್‌ಗೆ ಬೇಕಾದದ್ದು ದಪ್ಪ. ಕೋಣೆಯ ಮೂಲೆಗಳಲ್ಲಿ ರಾಕ್‌ವೂಲ್ (ಕಲ್ಲಿನ ನಾರು) ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿ ನಿಲ್ಲಿಸುವುದು ಸರಿಯಾದ ದಾರಿ. ಅದರ ನಾರು ಮೈಗೆ ತಾಗಿದರೆ ತುರಿಸುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ, ಬಾಯಿಗೆ ಮಾಸ್ಕ್ ಹಾಕಿ. ಅದಕ್ಕೆ ಮೊದಲು ಮನೆಯ ಹತ್ತಿ ಹಾಸಿಗೆಯನ್ನು ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿ ನೋಡಿ. ಪೂರ್ತಿ ಪರಿಹಾರವಲ್ಲ, ಆದರೆ ಗುಂಯ್ ಅನ್ನುವುದು ಒಂದು ಮಟ್ಟಿಗೆ ತಗ್ಗುತ್ತದೆ. ಸ್ಪೀಕರ್ ಇಟ್ಟು ಮಿಕ್ಸಿಂಗ್ ಮಾಡುವವರಿಗಂತೂ ಪರದೆ ಒಂದನ್ನೇ ನಂಬಿದರೆ ಆಗುವುದಿಲ್ಲ, ಮೂಲೆಗಳನ್ನು ನೋಡಲೇಬೇಕು.

ವಾದ್ಯ ನುಡಿಸುವವರಿಗೆ ಲೆಕ್ಕ ಬೇರೆ. ವೀಣೆ, ಪಿಟೀಲು, ಕೊಳಲಿಗೆ ಕೋಣೆಯ ಸ್ವಲ್ಪ ಮಾರ್ದನಿ ಬೇಕು. ಪೂರ್ತಿ ಬಟ್ಟೆ ಮುಚ್ಚಿದ ಕೋಣೆಯಲ್ಲಿ ನುಡಿಸುವವರಿಗೇ ಖುಷಿಯಾಗುವುದಿಲ್ಲ, ಪಿಟೀಲಿನವರು ಸುಮ್ನೆ ಕಮಾನು ಒತ್ತಿ ಒತ್ತಿ ನುಡಿಸತೊಡಗುತ್ತಾರೆ. ಪರದೆಯ ಸೊಗಸು ಇಲ್ಲೇ ಇರುವುದು. ಗೋಡೆಗೆ ಅಂಟಿಸಿದ ಫೋಮ್ ಕೀಳಲು ಬರುವುದಿಲ್ಲ, ಪರದೆಯನ್ನು ಸರಿಸಬಹುದು. ಮಾತಿಗೆ ಪೂರ್ತಿ ಎಳೆಯಿರಿ, ಹಾಡಿಗೆ ಪಕ್ಕದ್ದು ಅರ್ಧ ತೆರೆಯಿರಿ, ಪಿಟೀಲಿಗೆ ಬೆನ್ನಿನದೊಂದನ್ನೇ ಉಳಿಸಿಕೊಳ್ಳಿ. ಟ್ರ್ಯಾಕಿನ ಮೇಲೆ ಯಾವುದಕ್ಕೆ ಎಷ್ಟು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟರೆ ಮುಂದಿನ ಸಲ ಅದೇ ದನಿ ಸಿಗುತ್ತದೆ.

ನೋಡಿಕೊಳ್ಳುವುದು

ಬೆಂಕಿ ವಿಷಯದಲ್ಲಿ ತಮಾಷೆ ಬೇಡ. ಊದುಬತ್ತಿ, ಸೊಳ್ಳೆ ಬತ್ತಿ, ಹೀಟರ್, ಬಿಸಿಯಾಗುವ ಬಲ್ಬ್ ಯಾವುದೂ ಪರದೆಯ ಹತ್ತಿರ ಇರಬಾರದು. ಎಲ್‌ಇಡಿ ದೀಪ ಬಳಸಿ, ಎಕ್ಸ್‌ಟೆನ್ಷನ್ ಬೋರ್ಡನ್ನು ಬಟ್ಟೆಯ ಹಿಂದೆ ಬಚ್ಚಿಡಬೇಡಿ. ಉಣ್ಣೆ ಬೇಗ ಹೊತ್ತಿಕೊಳ್ಳುವುದಿಲ್ಲ, ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕುತ್ತದೆ, ಹತ್ತಿ ಹೊತ್ತಿ ಉರಿಯುತ್ತದೆ.

ಮಲೆನಾಡು, ಕರಾವಳಿಯವರು ಪರದೆಯನ್ನು ನೆಲದಿಂದ ಎರಡು ಇಂಚು ಮೇಲೆ ನಿಲ್ಲಿಸಿ. ಗೋಡೆಯಿಂದ ಬಿಟ್ಟ ಗೇಣು ಜಾಗ ಇಲ್ಲೂ ಉಪಯೋಗಕ್ಕೆ ಬರುತ್ತದೆ, ಗಾಳಿಯಾಡಿ ಬೂಷ್ಟು ಹಿಡಿಯುವುದು ಕಡಿಮೆ. ಜೂನ್ ಬರುವ ಮೊದಲು ಒಮ್ಮೆ ಬಿಸಿಲಿಗೆ ಹಾಕಿ. ಉಣ್ಣೆಗೆ ಹುಳ ಬೀಳದಂತೆ ಒಣಗಿದ ಬೇವಿನ ಸೊಪ್ಪು ಕಟ್ಟಿ. ದಪ್ಪ ಬಟ್ಟೆ ಧೂಳು ಹಿಡಿದಿಟ್ಟುಕೊಳ್ಳುತ್ತದೆ, ಆಸ್ತಮಾ ಇರುವವರ ಮನೆಯಲ್ಲಿ ವಾರಕ್ಕೊಮ್ಮೆ ವ್ಯಾಕ್ಯೂಮ್ ಹೊಡೆಯಲೇಬೇಕು. ಹತ್ತಿ ವೆಲ್ವೆಟ್ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಆದ್ದರಿಂದ ದರ್ಜಿಗೆ ಕೊಡುವ ಮೊದಲು ನೀರಿಗೆ ಹಾಕಿ ಒಣಗಿಸಿ, ಇಲ್ಲವೇ ಕೆಳಗಿನ ಮಡಿಕೆಯಲ್ಲಿ ನಾಲ್ಕು ಇಂಚು ಜಾಸ್ತಿ ಬಿಡಿಸಿ.